ಲಾರಿಗೆ ಹಿಡಿದ ಗಾಳಿ

ನಮ್ಮ ಮನೆಯಲ್ಲಿ ನನ್ನ ಹೊಟ್ಟೆನೋವನ್ನು ಯಾರೂ ವಿಚಾರಿಸುವುದಿಲ್ಲ. ಲಾರಿಯ ಹೊಟ್ಟೆಯನ್ನು ಮಾತ್ರ ದಿನಾ ವಿಚಾರಿಸುತ್ತಾರೆ. ಎಷ್ಟು ಕುಡಿಯಿತು, ಎಷ್ಟು ಓಡಿತು, ಯಾಕೆ ಅಷ್ಟು ಕುಡಿಯಿತು. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆಯೇ ನಮ್ಮ ಯಜಮಾನರು ಡೀಸೆಲ್ ಸುದ್ದಿ ತೆಗೆಯುತ್ತಾರೆ. ಅದು ಹದಿನೆಂಟು ಚಕ್ರದ ಟ್ರೇಲರ್ ಲಾರಿ. ಅರಸೀಕೆರೆಯಿಂದ ಕೊಬ್ಬರಿ ಹೇರಿಕೊಂಡು ಗುಜರಾತಿಗೆ ಹೋಗುತ್ತದೆ, ಬರುವಾಗ ಅಲ್ಲಿಂದ ನೆಲಕ್ಕೆ ಹಾಸುವ ಟೈಲ್ಸ್ ತರುತ್ತದೆ. ಲೀಟರಿಗೆ ಮೂರು ಕಿಲೋಮೀಟರ್ ಓಡಿತೆಂದರೆ ಅವತ್ತು ನಮ್ಮ ಮನೆಯಲ್ಲಿ ಪಾಯಸ ಮಾಡಬಹುದು.

ಯಜಮಾನರ ಹೆಸರು ಷಡಕ್ಷರಪ್ಪ. ಪೇಟೆಯಲ್ಲಿ ಅವರದು ಕೊಬ್ಬರಿ ಮಂಡಿ. ಕೊಬ್ಬರಿಯ ವಿಷಯದಲ್ಲಿ ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ, ಲಾರಿಯ ವಿಷಯದಲ್ಲಿ ಸರಿಯಾದದ್ದನ್ನೂ ಕಂಡಿಲ್ಲ. ಅದನ್ನು ಆಸೆಪಟ್ಟು ಕೊಂಡವರೂ ಅವರೇ, ಈಗ ಬೈಯುವವರೂ ಅವರೇ. ನಡುವೆ ಅದನ್ನು ಸಾಕಿದವಳು ನಮ್ಮ ಮಗಳು ಮೇಘಶ್ರೀ. ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದವಳನ್ನು ಮಂಡಿಯ ಗಲ್ಲಾದ ಮುಂದೆ ಕೂರು ಅಂದರೆ, ಹೋಗಿ ಲಾರಿಯ ಕೆಳಗೆ ಮಲಗಿದಳು. ನಿಜವಾಗಿಯೂ ಮಲಗಿದಳು. ಎದ್ದು ಬಂದಾಗ ಚೂಡಿದಾರದ ತುಂಬ ಗ್ರೀಸು, ಮುಖದ ತುಂಬ ನಗು. ಈ ಹುಡುಗಿಯ ಸುಖ ಇರುವುದು ಅಲ್ಲೇ ಎಂದು ನನಗೆ ಅವತ್ತೇ ಗೊತ್ತಾಯಿತು. ಆಮೇಲೆ ಲೋಡು ಹುಡುಕುವುದು, ಪರ್ಮಿಟ್ಟು, ಇನ್ಶೂರೆನ್ಸು, ಡ್ರೈವರ್ ಜೊತೆ ಫೋನು, ಎಲ್ಲ ಅವಳ ಪಾಲಿಗೆ ಬಂತು.

ಸಂಕ್ರಾಂತಿ ಕಳೆದ ಮೇಲೆ, ಲಾರಿ ಮಾರುವುದೆಂದು ಯಜಮಾನರು ಹೇಳಿಕಳಿಸಿದ್ದಕ್ಕೆ, ತಿಪಟೂರಿನಿಂದ ಒಬ್ಬ ಗಿರಾಕಿ ಬಂದ. ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರು ಒದ್ದು, ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳಿದ. ಯಜಮಾನರು ಆಕಾಶ ನೋಡಿದರು, ಮೇಘ ನೆಲ ನೋಡಿದಳು, ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಆದರೂ ಅವನು ತೆಗೆದುಕೊಳ್ಳುತ್ತೇನೆ ಎಂದ. ಅವನು ಹೋದ ಮೇಲೆ ಮೇಘ ಅಪ್ಪನ ಎದುರು ಬಂದು ನಿಂತಳು.

"ಒಂದು ಟ್ರಿಪ್ ಕೊಡಿ ಅಪ್ಪ. ಗಾಡಿಗೆ ಕೆಲವು ಸಾಮಾನು ಹಾಕಿಸ್ತೀನಿ. ಹೋಗಿ ಬರೋ ಅಷ್ಟರಲ್ಲಿ ಮೂರೂವರೆ ದಾಟಿಸ್ತೀನಿ."

"ದಾಟದೇ ಇದ್ರೆ?"

"ತಿಪಟೂರಿನವರಿಗೆ ಕೊಟ್ಬಿಡಿ. ನಾನು ಮಂಡೀಲಿ ಕೂರ್ತೀನಿ."

ಕೂರ್ತೀನಿ ಅನ್ನುವಾಗ ಅವಳು ಲಾರಿಯ ಕಡೆ ತಿರುಗಿ ನೋಡಿದ್ದು ನನಗೆ ಕಾಣಿಸಿತು, ಅವರಿಗೆ ಕಾಣಿಸಲಿಲ್ಲ. "ಆಯ್ತು" ಅಂದರು. ಆಡಿದ ಮಾತು ಬದಲಿಸುವ ಅಭ್ಯಾಸ ಅಪ್ಪನಿಗೂ ಇಲ್ಲ, ಮಗಳಿಗೂ ಇಲ್ಲ. ನನಗೆ ಬೇಕಾದಷ್ಟು ಇದೆ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಮರುವಾರ ಲಾರಿ ಹಾಸನಕ್ಕೆ ಹೋಗಿ ವೇಷ ಬದಲಿಸಿಕೊಂಡು ಬಂತು. ಹೊಸ ರೇಡಿಯಲ್ ಟೈರು ಹಾಕಿಸಿದ್ದಳು, ಉರುಳುವಾಗ ರಸ್ತೆಗೆ ಕಡಿಮೆ ಅಂಟುವಂಥವು. ಡ್ರೈವರ್ ಕೂರುವ ಕ್ಯಾಬಿನ್ನಿನ ನೆತ್ತಿಯ ಮೇಲೆ ಓರೆಯಾಗಿ ಎದ್ದು ನಿಂತ ಒಂದು ಫೈಬರ್ ಟೋಪಿ. ಟ್ರೇಲರಿನ ಎರಡೂ ಪಕ್ಕಕ್ಕೆ, ಚಕ್ರಗಳ ನಡುವಿನ ಸಂದು ಮುಚ್ಚುವ ಹಾಗೆ, ಉದ್ದಕ್ಕೆ ಇಳಿಬಿದ್ದ ಹಲಗೆಗಳು. ಅದಕ್ಕೆ ಅಂಗಡಿಯವರೇ ಲಂಗ ಅನ್ನುತ್ತಾರಂತೆ.

ಯಜಮಾನರು ಕನ್ನಡಕ ಒರೆಸಿಕೊಂಡು ನೋಡಿದರು. "ಏನಮ್ಮಾ ಇದು, ತಲೆಗೆ ಟೋಪಿ, ಸೊಂಟಕ್ಕೆ ಲಂಗ. ಗಂಡೋ ಹೆಣ್ಣೋ?"

"ಲಾರಿ ಅಪ್ಪ," ಎಂದಳು ಮೇಘ.

ನನಗೆ ಅವಳು ಬಿಡಿಸಿ ಹೇಳಿದಳು. ಎದುರು ಗಾಳಿಗೆ ಕೊಡೆ ಅಡ್ಡ ಹಿಡಿದು ನಡೆದರೆ ಹೇಗೆ ಹಿಂದಕ್ಕೆ ತಳ್ಳುತ್ತದೋ ಲಾರಿಗೂ ಹಾಗೇ. ಎತ್ತರದ ಕೊಬ್ಬರಿ ಲೋಡಿಗೆ ಗಾಳಿ ಬಂದು ಗುದ್ದುತ್ತದೆ, ಅದನ್ನು ತಳ್ಳಿಕೊಂಡು ಹೋಗುವುದಕ್ಕೇ ಎಷ್ಟೋ ಡೀಸೆಲ್ ಸುಡುತ್ತದೆ. ಟೋಪಿ ಇದ್ದರೆ ಗಾಳಿ ಮೇಲಕ್ಕೆ ಜಾರಿಕೊಂಡು ಹೋಗುತ್ತದೆ, ಲಂಗ ಇದ್ದರೆ ಪಕ್ಕದಿಂದ ಒಳಗೆ ನುಗ್ಗುವುದಿಲ್ಲ. "ಆದ್ರೆ ಅಮ್ಮ, ಸಾಮಾನು ಕೊಡೋದು ಸ್ವಲ್ಪ. ಉಳಿದಿದ್ದೆಲ್ಲ ಮರಿಯಣ್ಣನ ಕಾಲಲ್ಲಿದೆ" ಎಂದು ನಿಟ್ಟುಸಿರು ಬಿಟ್ಟಳು.

ಮರಿಯಣ್ಣ ನಮ್ಮ ಡ್ರೈವರ್. ಬೇಲೂರಿನ ಕಡೆ ಹಗರೆಯವನು, ಐವತ್ತು ದಾಟಿದೆ. ಹೆಂಡತಿ ಮನೆಯಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ, ಇವನು ದೇಶ ಸುತ್ತುತ್ತಾನೆ. ಕುಡಿಯುವವನಲ್ಲ, ಸುಳ್ಳು ಹೇಳುವವನಲ್ಲ, ಒಂದು ಮೂಟೆ ಹೆಚ್ಚುಕಮ್ಮಿ ಮಾಡಿದವನಲ್ಲ. ಇರುವುದೊಂದೇ ಚಾಳಿ. ರಸ್ತೆ ಬಯಲಾಗಿ ಕಂಡರೆ ಕಾಲು ತಾನಾಗಿ ಒತ್ತುತ್ತದೆ. ಟೀ ಕುಡಿಯಲು ನಿಂತರೆ ಎಂಜಿನ್ ಗುರ್ ಅನ್ನುತ್ತಲೇ ಇರಬೇಕು. ಟೈರಿನ ಗಾಳಿ ನೋಡುವುದು ಒದ್ದು, ಸದ್ದು ಕೇಳಿ. ಎರಡು ವರ್ಷದಿಂದ ಮೇಘ ಅವನಿಗೆ ಇದನ್ನೇ ಹೇಳುತ್ತಿದ್ದಳು. ಸಮಾಧಾನವಾಗಿ ಹೇಳಿದಳು, ಚಿತ್ರ ಬರೆದು ಹೇಳಿದಳು, ಗಾಳಿ ಅಳೆಯುವ ಮೀಟರು ತಂದು ಕೈಗೆ ಕೊಟ್ಟಳು. "ಆಗ್ಲಿ ಮೇಘಮ್ಮಾರೇ" ಅನ್ನುತ್ತಿದ್ದ. ಮೀಟರು ಸೀಟಿನ ಕೆಳಗೆ ಮಲಗಿತ್ತು.

ಲೋಡು ತುಂಬುವ ದಿನ ಮೇಘ ಅಂಗಳದಲ್ಲಿ ನಿಂತು ಹಾಸನದ ಅಂಗಡಿಯವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೌದು ಸರ್, ನಮ್ಮ ಗಾಡಿಗೆ ಗಾಳಿ ಜಾಸ್ತಿ ಹಿಡಿದಿದೆ. ಎದುರಿಂದ ಹಿಡಿದು ಹಿಂದಕ್ಕೆ ಎಳೀತಾ ಇದೆ. ಹೇಗಾದ್ರೂ ಈ ಟ್ರಿಪ್ಪಲ್ಲಿ ಗಾಳಿ ಬಿಡಿಸ್ಲೇಬೇಕು." ಮರಿಯಣ್ಣ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ. ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ನೇರ ಅಡುಗೆಮನೆಯ ಹಿಂಬಾಗಿಲಿಗೆ ಬಂದ.

"ಅಮ್ಮಾರೇ, ಗಾಡಿಗೆ ಗಾಳಿ ಹಿಡ್ದೈತಂತೆ."

"ಯಾರು ಹೇಳಿದ್ರಪ್ಪ?"

"ಮೇಘಮ್ಮಾರೇ ಫೋನಾಗೆ ಅಂತಾವ್ರೆ. ಎದುರಿಂದ ಹಿಡ್ದು ಹಿಂದಕ್ಕೆ ಎಳೀತೈತಂತೆ. ಬಿಡ್ಸಾಕೇ ಆ ಟೋಪಿ, ಲಂಗ ಎಲ್ಲ ಹಾಕ್ಸವ್ರಂತೆ. ಹಾಸನದ ಅಂಗ್ಡಿಯೋನು ಬಿಡ್ಸಿದ್ರೆ ಬಿಡೋ ಗಾಳಿನಾ ಇದು? ಮಠದ ಇಬೂತಿ ಇದ್ರೆ ನಿಮ್ಮ ಕೈಯಾರೆ ಒಂದಿಷ್ಟು ಹಚ್ಬಿಡಿ ಅಮ್ಮಾರೇ. ನೇಮ ಏನಿದ್ರೂ ಹೇಳಿ, ನಡ್ಸ್ಕೊಡ್ತೀನಿ."

ಬೀಸುವುದೂ ಗಾಳಿ, ಟೈರಿನಲ್ಲಿ ತುಂಬುವುದೂ ಗಾಳಿ, ಮನುಷ್ಯರ ಮೈಮೇಲೆ ಬಂದು ಕೂರುವುದೂ ಗಾಳಿ. ನಮ್ಮ ಮಾತೇ ಹಾಗಿದೆ, ಅವನದೇನು ತಪ್ಪು. ನಗು ತಡೆದುಕೊಂಡು, ಇದು ಆ ಗಾಳಿ ಅಲ್ಲ ಕಣಪ್ಪ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವನ ಕೊನೆಯ ಮಾತು ನನ್ನ ಮನಸ್ಸಿನಲ್ಲೇ ಸಿಕ್ಕಿಕೊಂಡಿತು. ನೇಮ ಏನಿದ್ದರೂ ನಡೆಸಿಕೊಡುತ್ತಾನಂತೆ. ನನಗೆ ಸಿಟ್ಟು ಬಂತು. ಎರಡು ವರ್ಷ ನನ್ನ ಮಗಳು, ಓದಿದ ಹುಡುಗಿ, ಕೈಮುಗಿದು ಹೇಳಿದ್ದು ಒಂದೂ ನಡೆಯಲಿಲ್ಲ. ಇಲ್ಲದ ಒಂದು ದೆವ್ವ ಕೇಳಿದರೆ ಎಲ್ಲವೂ ನಡೆಯುತ್ತದೆ. ಹಾಗಿದ್ದರೆ ದೆವ್ವವೇ ಕೇಳಲಿ ಎಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡೆ.

"ಇದು ಓಡೋ ಗಾಳಿ ಮರಿಯಣ್ಣ," ಎಂದೆ, ದನಿ ತಗ್ಗಿಸಿ. "ಗಾಡಿ ಅರವತ್ತು ದಾಟಿದ್ರೆ ಅದಕ್ಕೆ ಖುಷಿ, ಬಂದು ಹಿಂದೆ ಕೂತ್ಕೊಳುತ್ತೆ. ಅರವತ್ತರೊಳಗೇ ಹೋದ್ರೆ ಬೇಜಾರಾಗಿ ಇಳಿದು ಹೋಗುತ್ತೆ."

"ಅರವತ್ತಾ ಅಮ್ಮಾರೇ?"

"ಐವತ್ತಾದ್ರೆ ಇನ್ನೂ ಒಳ್ಳೇದು."

"ಅರವತ್ತೇ ಆಗ್ಲಿ ಬುಡಿ."

"ಟೀಗೆ, ಊಟಕ್ಕೆ ನಿಂತ್ರೆ ಎಂಜಿನ್ ಆಫ್ ಆಗ್ಬೇಕು. ಸುಮ್ನೆ ಗುರ್ ಅಂತ ಇದ್ರೆ ಅದನ್ನ ಕರೆದಂಗೆ. ಟಾರ್ಪಾಲು ಬಿಗಿಯಾಗಿ ಕಟ್ಟು, ಸಡಿಲ ಇದ್ರೆ ಒಳಗೆ ಸೇರ್ಕೊಳುತ್ತೆ."

"ಚಕ್ರಕ್ಕೇನೂ ನೇಮ ಇಲ್ವಾ?" ಎಂದು ಅವನೇ ಕೇಳಿದ.

"ಇಲ್ದೆ ಏನು? ದಿನಾ ಬೆಳಿಗ್ಗೆ ಮುಖ ತೊಳೆದು, ಮೇಘ ಕೊಟ್ಟ ಮೀಟರಿಂದ ಒಂದೊಂದೇ ಚಕ್ರದ ಗಾಳಿ ನೋಡ್ಬೇಕು. ಕಾಲಲ್ಲಿ ಒದಿಯಂಗಿಲ್ಲ. ಒಳಗಿನ ಗಾಳಿ ಸರಿಯಾಗಿದ್ರೆ ಹೊರಗಿನ ಗಾಳಿ ಹತ್ರ ಸುಳಿಯಲ್ಲ."

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೇ ಅರ್ಧ ನಂಬಿಕೆ ಬಂದಿತ್ತು. ಮಂಡಿಯಿಂದ ಏಣಿ ತರಿಸಿ, ದೇವರಮನೆಯ ವಿಭೂತಿ ತೆಗೆದುಕೊಂಡು, ಆ ಟೋಪಿಯ ಹಣೆಗೆ ಮೂರು ಬೆರಳು ಎಳೆದೆ. ಮರಿಯಣ್ಣ ಕೆಳಗೆ ಏಣಿ ಹಿಡಿದು ಕೈಮುಗಿದುಕೊಂಡು ನಿಂತಿದ್ದ, ಅಂದರೆ ಏಣಿಯನ್ನು ಯಾರೂ ಹಿಡಿದಿರಲಿಲ್ಲ. ಯಜಮಾನರು ಮಂಡಿಯ ಜಗುಲಿಯಿಂದ ನೋಡಿ, "ಕೊನೇ ಟ್ರಿಪ್ಪಿಗಾದ್ರೂ ಪೂಜೆ ಆಗ್ಲಿ ಬಿಡು ಶಿವಗಂಗಾ" ಅಂದರು. ನಾನು ಏಣಿ ಇಳಿದೆ. ಮೇಘ ಬಂಕಿಗೆ ಹೋಗಿ ಟ್ಯಾಂಕು ಅಂಚಿನವರೆಗೆ ತುಂಬಿಸಿದಳು. ವಾಪಸು ಬಂದ ಮೇಲೆ ಹೀಗೆಯೇ ತುಂಬಿಸಿ, ದಾರಿಯಲ್ಲಿ ಹಾಕಿಸಿದ್ದನ್ನೆಲ್ಲ ಸೇರಿಸಿ ಲೆಕ್ಕ ಹಾಕುವುದೆಂದು ಮಾತಾಗಿತ್ತು.

ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಮೇಘಳ ಫೋನಿನಲ್ಲಿ ಕಾಣುತ್ತದೆ. ಮರುದಿನ ತಿಂಡಿ ಹೊತ್ತಿಗೆ ಅವಳು ತಟ್ಟೆ ಪಕ್ಕದಲ್ಲಿ ಫೋನಿಟ್ಟುಕೊಂಡು ಕಣ್ಣು ಮಿಟುಕಿಸದೆ ಕೂತಿದ್ದಳು.

"ಅಮ್ಮ, ಐವತ್ತೆಂಟು. ದಾವಣಗೆರೆ ದಾಟಿದ್ರೂ ಐವತ್ತೆಂಟೇ. ಅಷ್ಟು ಒಳ್ಳೆ ರೋಡು, ಆದ್ರೂ ಮೇಲಕ್ಕೆ ಹೋಗಿಲ್ಲ. ಟೀಗೆ ನಿಂತಾಗ ಎಂಜಿನ್ ಆಫ್ ಆಗಿದೆ ನೋಡು ಇಲ್ಲಿ."

"ನಿನ್ನ ಮಾತು ಕೊನೆಗೂ ಕಿವಿಗೆ ಬಿತ್ತು ಅನ್ನು," ಎಂದೆ.

ಅವಳ ಮುಖ ಊರಗಲವಾಯಿತು. ನಾನು ಅವಳ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ, ಅಡುಗೆಮನೆಗೆ ಎದ್ದು ಹೋದೆ.

ಗುಜರಾತು ಮುಟ್ಟಿದಾಗ ಅರ್ಧ ಲೆಕ್ಕ ಸಿಕ್ಕಿತು. ನಾಲ್ಕಕ್ಕೆ ಚೂರು ಕಡಿಮೆ. ಮೇಘ ಮನೆಯ ತುಂಬ ಓಡಾಡಿದಳು. ಯಜಮಾನರು ಮಾತ್ರ, "ಹೋಗೋವಾಗ ಕೊಬ್ಬರಿ, ಹಗುರ. ಬರೋವಾಗ ಟೈಲ್ಸು, ಕಲ್ಲಿನ ಭಾರ. ಬಂದ ಮೇಲೆ ಮಾತಾಡೋಣ" ಎಂದು ಮಂಡಿಗೆ ಹೋದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನೂ ಸಿಟ್ಟು.

ಟೈಲ್ಸ್ ತುಂಬಿದ ದಿನ ಮೇಘ ಫೋಟೋ ತರಿಸಿಕೊಂಡು ನೋಡಿ ಹಣೆ ಚಚ್ಚಿಕೊಂಡಳು. ಟೈಲ್ಸು ಭಾರ, ಆದರೆ ತಗ್ಗು. ಟ್ರೇಲರಿನ ಹಲಗೆಯ ಮೇಲೆ ಸೊಂಟದುದ್ದ ಕೂಡ ಬಂದಿರಲಿಲ್ಲ. ಹಿಂದೆ ಎತ್ತರದ ಲೋಡೇ ಇಲ್ಲದಿದ್ದರೆ, ಮುಂದೆ ಸೆಟೆದು ನಿಂತ ಟೋಪಿ ತಾನೇ ಗಾಳಿಗೆ ಅಡ್ಡವಾಗುತ್ತದೆ. ಅದನ್ನು ಹಿಂದಕ್ಕೆ ಮಲಗಿಸಬೇಕು. ಅದಕ್ಕೆಂದೇ ಬೋಲ್ಟುಗಳಿವೆಯಂತೆ. ಕೂಡಲೇ ಮರಿಯಣ್ಣನಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಡಾಬಾದ ಗಲಾಟೆ, ತಟ್ಟೆಗಳ ಸದ್ದು, ನಾಲ್ಕಾರು ಗಂಡಸರ ಮಾತು ಕೇಳಿಸುತ್ತಿತ್ತು.

"ಮರಿಯಣ್ಣ, ಹೊರಡೋ ಮುಂಚೆ ಟೋಪಿ ಬೋಲ್ಟು ಸಡಿಲ ಮಾಡಿ ಹಿಂದಕ್ಕೆ ಮಲಗಿಸಿ. ಲೋಡ್ ತಗ್ಗಿದೆ, ಈಗ ಅದೇ ಗಾಳಿ ಹಿಡಿಯುತ್ತೆ."

"ಅದೊಂದ್ ಆಗಾಕಿಲ್ಲ ಮೇಘಮ್ಮಾರೇ. ಅಮ್ಮಾರು ಇಬೂತಿ ಹಚ್ಚವ್ರೆ. ಅವ್ರ ಅಪ್ಪಣೆ ಇಲ್ದೆ ನಾನು ಮುಟ್ಟಾಕಿಲ್ಲ."

"ಯಾವ ಅಮ್ಮಾರು?"

"ನಿಮ್ಮಮ್ಮಾರೇ. ಗಾಳಿ ಬಿಡ್ಸಾಕೆ ನೇಮ ಕೊಟ್ಟವ್ರಲ್ಲ. ಅರವತ್ತು ದಾಟಂಗಿಲ್ಲ, ನಿಂತ್ರೆ ಎಂಜಿನ್ ಆಫು, ಬೆಳಿಗ್ಗೆ ಎದ್ದು ಚಕ್ರದ ಗಾಳಿ. ಒಂದೂ ತಪ್ಸಿಲ್ಲ ನಾನು."

ಮೇಘ ತಿರುಗಿ ನನ್ನನ್ನು ನೋಡಿದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಆ ಸೊಪ್ಪಿನಲ್ಲಿ ಬಿಡಿಸಲು ಆಗಲೇ ಏನೂ ಉಳಿದಿರಲಿಲ್ಲ. ಅವಳು ಫೋನಿನ ಮೇಲೆ ಕೈ ಮುಚ್ಚಿದಳು.

"ಅಮ್ಮ, ಏನು ಮಾಡಿದೀಯ?"

ಹೇಳಿದೆ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. "ನಾನು ಹೇಳಿದ್ದಕ್ಕೆ ಓಡಿಸ್ತಿದ್ದಾರೆ ಅಂದ್ಕೊಂಡಿದ್ನಲ್ಲಮ್ಮ. ಇದುವರೆಗೂ ಹಾಗೇ ಅಂದ್ಕೊಂಡಿದ್ದೆ. ಈಗ ಟೋಪಿಯಿಂದ ಎಷ್ಟು ಬಂತು, ದೆವ್ವದಿಂದ ಎಷ್ಟು ಬಂತು ಅಂತ ನಾನು ಹೇಗೆ ತಿಳ್ಕೊಳ್ಲಿ?"

"ನಿನಗೆ ಲಾರಿ ಬೇಕೋ, ಲೆಕ್ಕ ಬೇಕೋ?" ಎಂದೆ.

"ಎರಡೂ ಬೇಕು."

ನನ್ನ ಮಗಳೇ ಸರಿ. ಅವಳ ಕೈಯಿಂದ ಫೋನು ತೆಗೆದುಕೊಂಡೆ. "ಮರಿಯಣ್ಣ, ನಾನು. ವಾಪಸ್ ಬರೋವಾಗ ಗಾಳಿಗೆ ತಲೆ ಬಾಗಿಸ್ಬೇಕು. ಟೋಪಿ ಮಲಗಿಸಪ್ಪ, ದೋಷ ಇಲ್ಲ."

"ಜೋರಾಗಿ ಹೇಳಿ ಅಮ್ಮಾರೇ, ಕೇಳಿಸ್ತಾ ಇಲ್ಲ."

ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ ಅದನ್ನೇ ಮತ್ತೆ ಹೇಳಿದೆ. ಆ ಕಡೆ ಡಾಬಾದ ಗಲಾಟೆ ಒಂದು ಗಳಿಗೆ ನಿಂತಿತು. "ಆಗ್ಲಿ ಅಮ್ಮಾರೇ, ಈಗ್ಲೇ ಮಲಗಿಸ್ತೀನಿ" ಎಂದು ಮರಿಯಣ್ಣ ಗಂಭೀರವಾಗಿ ಹೇಳಿ ಫೋನಿಟ್ಟ.

ಮೇಘ ನನ್ನ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ಉಪ್ಪಿನ ಡಬ್ಬಿಯ ಜೊತೆ ಮಾತಾಡುತ್ತಿದ್ದಳು. ಆದರೆ ಲಾರಿ ಹುಬ್ಬಳ್ಳಿಗೆ ಬರುವ ಹೊತ್ತಿಗೆ ತಡೆಯಲಾರದೆ, "ಐವತ್ತೇಳು" ಎಂದು ಗೋಡೆಗೆ ಹೇಳಿದಳು. "ಒಳ್ಳೇದು" ಎಂದು ನಾನೂ ಗೋಡೆಗೇ ಹೇಳಿದೆ. ಇಬ್ಬರಿಗೂ ನಗು ಬಂತು, ಅಲ್ಲಿಗೆ ಮುಗಿಯಿತು.

ಟೈಲ್ಸು ಇಳಿಯಬೇಕಾಗಿದ್ದದ್ದು ಬೇಲೂರಿನ ಹೊರಗಿನ ಒಂದು ಅಂಗಡಿಗೆ. ಅರೇಹಳ್ಳಿ ಕಡೆಯ ತೋಟದವರು ಹೊಸ ಮನೆ ಕಟ್ಟಿಸುವಾಗ ಅಲ್ಲಿಂದಲೇ ಒಯ್ಯುತ್ತಾರೆ. ನಾವು ಮೂವರೂ ಕಾರಿನಲ್ಲಿ ಅಲ್ಲಿಗೆ ಹೋದೆವು. ಯಜಮಾನರು ಹೊರಟಿದ್ದು ಟೈಲ್ಸ್ ಒಡೆದಿದೆಯೋ ನೋಡಲು ಅಂತ ಅವರ ಮಾತು. ದಾರಿಯುದ್ದಕ್ಕೂ ಅವರು ಕೇಳಿದ್ದು ಮಾತ್ರ, "ಈಗೆಷ್ಟಾಗಿರಬಹುದು ಮೇಘ?" ಎಂದು. ಗಾಡಿ ಹೋಗಲಿ ಎಂದು ಅವರಿಗೇನೂ ಆಸೆ ಇರಲಿಲ್ಲ, ಆಡಿದ ಮಾತಿಗೆ ಕಟ್ಟುಬಿದ್ದಿದ್ದರು ಅಷ್ಟೇ. ಅದು ಅವರ ಕೆಂಪಾದ ಕಿವಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ಲೋಡು ಇಳಿದ ಮೇಲೆ ನಾನು ಲಾರಿಯಲ್ಲೇ ಬರುತ್ತೇನೆ ಎಂದು ಹಟ ಹಿಡಿದೆ. ಇಷ್ಟು ವರ್ಷ ಊಟದ ಹೊತ್ತಿಗೆ ಅದರ ಪುರಾಣ ಕೇಳಿದ್ದೇನೆ, ಒಂದು ಸಲವೂ ಹತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಮೇಘ ಕೆಳಗಿಂದ ತಳ್ಳಿ, ಮರಿಯಣ್ಣ ಮೇಲಿಂದ ದಾರಿ ಹೇಳಿ, ಅಂತೂ ಸೀಟಿಗೆ ಬಂದು ಬಿದ್ದೆ. ಅಲ್ಲಿಂದ ನೋಡಿದರೆ ಲೋಕವೇ ಬೇರೆ. ಬೇಲಿಗಳ ಆಚೆ ಏನಿದೆಯೆಂದು ಕಾಣುತ್ತದೆ, ಮನೆಗಳ ಸಜ್ಜದ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಕಾಣುತ್ತದೆ, ಹಳೇಬೀಡಿನ ಕೆರೆ ಏರಿಯ ಮೇಲಿನಿಂದ ಇಣುಕದೆಯೇ ಪೂರ್ತಿ ಕಾಣುತ್ತದೆ. ಹಿಂದೆ ಬರುತ್ತಿದ್ದ ನಮ್ಮ ಕಾರು ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಿತ್ತು. ಒಳಗೆ ಯಜಮಾನರು ಇನ್ನೂ ಸಣ್ಣಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಒಂದು ಸಲ ಹಾರ್ನ್ ಒತ್ತಿಬಿಟ್ಟೆ. ಎಮ್ಮೆಯೊಂದು ತಿರುಗಿ ನೋಡಿ ಮತ್ತೆ ಮೇಯಲು ತೊಡಗಿತು.

ಹಳೇಬೀಡಿನಲ್ಲಿ ಟೀಗೆ ನಿಲ್ಲಿಸಿದ. ಮೊದಲು ಎಂಜಿನ್ ಆಫ್ ಮಾಡಿ ಆಮೇಲೆ ಇಳಿದ. ದೇವಸ್ಥಾನ ನೋಡಲು ಬಂದಿದ್ದ ಕಾಲೇಜು ಹುಡುಗಿಯರು ಲಾರಿಯ ಲಂಗದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮರಿಯಣ್ಣ ನನಗೆ ಟೀ ತಂದು ಕೊಟ್ಟು, ತಾನು ದೂರದಲ್ಲಿ ನಿಂತು ಕುಡಿಯುತ್ತ ಒಂದೊಂದೇ ಚಕ್ರದ ಕಡೆ ಕಣ್ಣು ಹಾಯಿಸುತ್ತಿದ್ದ. ಅಷ್ಟು ದೂರ ಹೋಗಿ ಬಂದು ಮುಖ ಬಾಡಿತ್ತು. ಈ ಮನುಷ್ಯನನ್ನು ಅಷ್ಟು ದಿನ ಹೆದರಿಸಿಟ್ಟೆನಲ್ಲ ಅಂತ ಮನಸ್ಸು ಚುಚ್ಚಿತು. ಹೇಳಿಬಿಡೋಣ ಎಂದುಕೊಂಡೆ. ಹೇಳಿದರೆ ಜಾವಗಲ್ ದಾಟುತ್ತಿದ್ದಂತೆ ಎಂಬತ್ತಕ್ಕೆ ಏರಿಸಿದರೆ? ಇನ್ನು ಬಂಕು ಮುಟ್ಟುವುದೊಂದೇ ಬಾಕಿ. ಟೀ ಮುಗಿಸಿ ಮತ್ತೆ ಲಾರಿ ಹತ್ತಿದೆ.

ಅರಸೀಕೆರೆಯ ಬಂಕಿನಲ್ಲಿ ಟ್ಯಾಂಕಿಗೆ ಪೈಪು ಇಟ್ಟರು. ಯಜಮಾನರು ಮೀಟರಿನ ಹತ್ತಿರ ಮೂಗು ತಾಗಿಸಿ ನಿಂತರು. ಅಂಚಿನವರೆಗೆ ತುಂಬಿತು. ಮೇಘ ಫೋನಿನಲ್ಲಿ ಎಲ್ಲ ಕೂಡಿಸಿ ಭಾಗಿಸಿದಳು. ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಫೋನನ್ನೇ ಅಪ್ಪನ ಕೈಗೆ ಕೊಟ್ಟಳು.

ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಮೂರು ಮುಕ್ಕಾಲು," ಅಂದರು. ಮತ್ತೆ ನೋಡಿ, "ಮೂರು ಮುಕ್ಕಾಲು ಕಣೇ ಶಿವಗಂಗಾ" ಅಂದರು, ಲಾರಿ ಓಡಿಸಿದ್ದು ನಾನೇ ಅನ್ನುವ ಹಾಗೆ.

ಮೇಘ ಅಲ್ಲೇ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ನಾನೂ ಅತ್ತೆ. ಸಂತೋಷಕ್ಕೆ ಅಳುವುದೆಂದರೆ ನನಗೆ ಬೇಜಾರಿಲ್ಲ. ಯಜಮಾನರು ಜೇಬಿನಿಂದ ತಮ್ಮ ಫೋನು ತೆಗೆದು, ಬಂಕಿಗೆಲ್ಲ ಕೇಳುವಂತೆ ತಿಪಟೂರಿಗೆ ಮಾತಾಡಿದರು. "ಇಲ್ಲ ಸ್ವಾಮಿ, ಗಾಡಿ ಕೊಡಲ್ಲ. ಯಾಕೆ ಅಂದ್ರೆ ಮೂರು ಮುಕ್ಕಾಲು ಕೊಡ್ತಾ ಇದೆ. ಹೌದ್ರೀ, ಟ್ರೇಲರೇ. ನಮ್ಮ ಹುಡುಗಿ ಮಾಡಿದ್ದು. ಬಂದು ನೋಡ್ಕೊಂಡು ಹೋಗಿ ಬೇಕಾದ್ರೆ, ಒದಿಯೋಕೆ ಮಾತ್ರ ಬಿಡಲ್ಲ."

ಮೇಘ ಎದ್ದು ಮೂಗು ಒರೆಸಿಕೊಂಡಳು. ಈ ಹುಡುಗಿಗೆ ಗೆದ್ದು ಸುಮ್ಮನಿರಲು ಬರುವುದಿಲ್ಲ. "ಅಪ್ಪ, ಇದಷ್ಟೂ ನಾನು ಹಾಕಿಸಿದ ಸಾಮಾನಿಂದ ಬಂದಿದ್ದಲ್ಲ" ಎಂದು ಗಾಳಿ, ವಿಭೂತಿ, ನೇಮ ಎಲ್ಲವನ್ನೂ ಹೇಳಿಬಿಟ್ಟಳು. ನಾನು ಬೇರೆ ಕಡೆ ನೋಡಿದೆ.

ಅವರು ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಸಿಕೊಂಡರು. "ನಾನು ಕೇಳಿದ್ದು ಮೂರೂವರೆ. ಟೋಪಿ ಕೊಡ್ತೋ ದೆವ್ವ ಕೊಡ್ತೋ ಅಂತ ಕೇಳಿರಲಿಲ್ಲ. ಗಾಡಿ ನಿನ್ನದು."

"ಆದ್ರೂ ನನಗೆ ಗೊತ್ತಾಗ್ಬೇಕು. ಮುಂದಿನ ಟ್ರಿಪ್ಪಿಗೆ ಟೋಪಿ, ಲಂಗ, ಟೈರು ಹೀಗೇ ಇರ್ಲಿ, ಮರಿಯಣ್ಣ ಹಳೇ ಥರಾನೇ ಓಡಿಸ್ಲಿ. ಆಗ ಯಾವುದರಿಂದ ಎಷ್ಟು ಅಂತ ಸಿಗುತ್ತೆ," ಎಂದು ಅವಳು ಅಪ್ಪನಿಗೆ ಕೈಬೆರಳಲ್ಲಿ ವಿವರಿಸತೊಡಗಿದಳು.

ಮರಿಯಣ್ಣ ಇದನ್ನು ಕೇಳಿಸಿಕೊಂಡ. ಲಾರಿಯ ಹಿಂಬದಿಗೆ ಹೋಗಿ, ನನಗೆ ಕಣ್ಣಲ್ಲೇ ಬನ್ನಿ ಎಂದ. ಹೋದೆ. ಹೇಳಲೇಬೇಕಾದ ಹೊತ್ತು ಬಂತು ಎಂದುಕೊಂಡು, "ಮರಿಯಣ್ಣ, ಆ ಗಾಳಿ ವಿಷಯ" ಎಂದು ಶುರು ಮಾಡಿದೆ. ಅವನು ನಡುವೆ ಬಾಯಿ ಹಾಕಿದ.

"ಅಮ್ಮಾರೇ, ಗಾಳಿ ಬಿಟ್ಟೋಯ್ತು ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡಿ. ನಿಮ್ಮ ದಮ್ಮಯ್ಯ."

"ಯಾಕಪ್ಪ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಮೇಘಮ್ಮಾರು ಹೇಳೋದು ದಿಟಾನೇ ಅಂತ ಮೊದ್ಲಿಂದ್ಲೂ ಗೊತ್ತು ನಂಗೆ. ಇಷ್ಟು ವರ್ಸ ಗಾಡಿ ಓಡ್ಸಿ ಎದುರುಗಾಳಿ ಯಾವ್ದು ದೆವ್ವ ಯಾವ್ದು ಅಂತ ತಿಳಿಯಾಕಿಲ್ವಾ? ಆದ್ರೆ ನಿಧಾನ ಓಡ್ಸಿದ್ರೆ ಡಾಬಾದಾಗೆ ಆಡ್ಕಂತಾರೆ ಅಮ್ಮಾರೇ. ಏನ್ಲಾ ಮರಿಯಣ್ಣ, ಲಾರಿಗೆ ಎತ್ತು ಕಟ್ಟಿದೀಯಾ ಅಂತಾರೆ. ಸಾವ್ಕಾರ್ರ ಮಗಳು ಹೇಳವ್ರೆ ಅಂದ್ರೆ ಇನ್ನೂ ನಗ್ತಾರೆ. ಗಾಡಿಗೆ ಗಾಳಿ ಹಿಡ್ದೈತೆ, ಅಮ್ಮಾರು ನೇಮ ಕೊಟ್ಟವ್ರೆ ಅಂದೆ. ಒಬ್ನೂ ನಗ್ಲಿಲ್ಲ. ಅದ್ಕೇ ಅವತ್ತು ಫೋನಾಗೆ ಜೋರಾಗಿ ಹೇಳಿ ಅಂದಿದ್ದು, ಎಲ್ರಿಗೂ ಕೇಳ್ಲಿ ಅಂತ."

"ಹಾಗಾದ್ರೆ ಅವತ್ತು ಹಿಂಬಾಗಿಲಿಗೆ ಬಂದಾಗ್ಲೇ ನಿನಗೆ..."

"ನೀವು ಹೇಳ್ದೇ ಇದ್ರೆ ನಾನೇ ನೇಮ ಹೇಳ್ಕೊಡೋನಿದ್ದೆ. ನೀವೇ ಎಲ್ಲ ಸರಿಯಾಗಿ ಹೇಳಿದ್ರಿ. ಆ ಅರವತ್ತನ್ನ ಮಾತ್ರ ಅರವತ್ತೈದು ಮಾಡಿದ್ರೆ ಚೆಂದಾಗಿತ್ತು." ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಗಾಡಿ ಹೋದ್ರೆ ಮೇಘಮ್ಮಾರು ಮಂಡೀಲಿ ಕೂರ್ಬೇಕು ಅಂತಲ್ವಾ ಮಾತಾಗಿದ್ದು? ಆ ಮಗ ಅಲ್ಲಿ ಕೂರೋ ಮಗಾನಾ ಅಮ್ಮಾರೇ?"

ನಾನು ಲಾರಿಯ ಲಂಗ ಹಿಡಿದುಕೊಂಡು ನಿಂತೆ. ಅವನನ್ನು ಆಟ ಆಡಿಸಿದೆ ಎಂದು ಇಷ್ಟು ದಿನ ಒಳಗೊಳಗೇ ಹಿಗ್ಗಿದವಳು ನಾನು.

ಅಷ್ಟರಲ್ಲಿ ಆ ಕಡೆಯಿಂದ ಮೇಘ ಕೂಗಿದಳು. "ಅಮ್ಮ, ಮರಿಯಣ್ಣಂಗೆ ಹೇಳ್ಬಿಡು, ಗಾಳಿ ಬಿಡ್ತು ಅಂತ. ಇನ್ನು ನೇಮ ಬೇಡ."

ಮರಿಯಣ್ಣ ನನ್ನ ಮುಖ ನೋಡಿದ. ಪಕ್ಕದ ಪಂಪಿನಲ್ಲಿ ಬೇರೆ ಊರಿನ ಎರಡು ಲಾರಿ ನಿಂತಿದ್ದವು, ಡ್ರೈವರುಗಳು ಇಳಿದು ನಮ್ಮ ಟೋಪಿಯನ್ನೇ ನೋಡುತ್ತ ಕಿಸಕ್ಕನೆ ನಗುತ್ತಿದ್ದರು. ನಾನು ಅವರಿಗೆ ಕಾಣುವಂತೆ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಾಬಾಕ್ಕೆ ಹೇಳಿದಷ್ಟೇ ಜೋರಾಗಿ ಹೇಳಿದೆ.

"ಎಲ್ಲಿ ಬಿಟ್ಟಿದೆ ಕಣೇ? ಮೊದಲಿಗಿಂತ ಗಟ್ಟಿಯಾಗಿ ಹಿಡ್ಕೊಂಡಿದೆ. ಈ ಗಾಡಿ ಇರೋವರೆಗೂ ಬಿಡಲ್ಲ ಅಂತಿದೆ."

ಮೇಘ ನನ್ನನ್ನು ನೋಡಿದಳು, ಮರಿಯಣ್ಣನನ್ನು ನೋಡಿದಳು. ಅವಳ ತುಟಿ ಮೊದಲು ಅದುರಿತು, ಆಮೇಲೆ ಅರಳಿತು. ನಗುತ್ತಿದ್ದ ಆ ಇಬ್ಬರು ಡ್ರೈವರುಗಳು ನಗು ನಿಲ್ಲಿಸಿ, ಟವೆಲು ಹೆಗಲಿಂದ ತೆಗೆದು, ನಮ್ಮ ಲಾರಿಗೆ ಎರಡು ಹೆಜ್ಜೆ ದಾರಿ ಬಿಟ್ಟು ನಿಂತರು.